ಹ್ಯಾಮ್ಲೆಟ್ ಸೇಡು ತೀರಿಸಲು ಅಷ್ಟು ತಡ ಮಾಡುವುದು ಯಾಕೆ?

ಶೇಕ್ಸ್‌ಪಿಯರ್‌ನ ನಾಟಕದಲ್ಲಿ, ಅಪ್ಪನನ್ನು ಕೊಂದವನು ಚಿಕ್ಕಪ್ಪ ಕ್ಲಾಡಿಯಸ್ ಎಂದು ಅಪ್ಪನ ಭೂತವೇ ಹೇಳಿದರೂ ರಾಜಕುಮಾರ ಹ್ಯಾಮ್ಲೆಟ್ ಐದನೇ ಅಂಕದವರೆಗೆ ಎಳೆಯುತ್ತಾನೆ. ಅವನಿಗೆ ಯೋಚನೆ ಜಾಸ್ತಿ, ಅದಕ್ಕೇ ಕೈ ಏಳುವುದಿಲ್ಲ ಎಂದು ಇಂಗ್ಲಿಷ್ ಕವಿ, ವಿಮರ್ಶಕ ಕೋಲ್‌ರಿಜ್ ಹೇಳಿದರು. ಮನೋವಿಶ್ಲೇಷಕ ಫ್ರಾಯ್ಡ್ 1900ರಲ್ಲಿ ಬೇರೆಯದೇ ಎಳೆ ಹಿಡಿದರು: ಅಪ್ಪನ ಜಾಗಕ್ಕೆ ಬರುವ ಆಸೆ ಬಾಲ್ಯದಿಂದಲೇ ಹ್ಯಾಮ್ಲೆಟ್‌ನೊಳಗೆ ಅಡಗಿತ್ತು, ಅದನ್ನೇ ಚಿಕ್ಕಪ್ಪ ಮಾಡಿ ತೋರಿಸಿದ, ಹಾಗಾಗಿ ಅವನನ್ನು ಕೊಲ್ಲಲು ಕೈ ಬರುವುದಿಲ್ಲ. ಕವಿ ಟಿ.ಎಸ್. ಎಲಿಯಟ್ ಅಂತೂ 1919ರಲ್ಲಿ ನಾಟಕವೇ ಸೋತಿದೆ ಅಂದುಬಿಟ್ಟರು!

ನನಗೆ ಕೋಲ್‌ರಿಜ್ ಮಾತು ಅರ್ಧ ಮಾತ್ರ ಸರಿ ಅನಿಸುತ್ತದೆ. ಪರದೆಯ ಹಿಂದೆ ಯಾರಿದ್ದಾರೆ ಅಂತ ನೋಡದೆ ಆಸ್ಥಾನದ ಮಂತ್ರಿ ಪೊಲೋನಿಯಸ್‌ನನ್ನು ಇರಿಯುವವನೂ ಇವನೇ ಅಲ್ವಾ? ಅದಕ್ಕೂ ಸ್ವಲ್ಪ ಮುಂಚೆ ಪ್ರಾರ್ಥನೆಗೆ ಕೂತ ಕ್ಲಾಡಿಯಸ್‌ನನ್ನು ಬಿಟ್ಟು ಬಂದಿರುತ್ತಾನೆ. ಕಾರಣ? ಈಗ ಕೊಂದರೆ ಅವನು ನೇರ ಸ್ವರ್ಗಕ್ಕೆ ಹೋಗುತ್ತಾನಂತೆ. ಕೋಲ್‌ರಿಜ್‌ಗೆ ಇದು ಸುಮ್ನೆ ನೆಪ. 18ನೇ ಶತಮಾನದ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಮಾತ್ರ ಈ ಮಾತು ಓದಲಾಗದಷ್ಟು ಘೋರ.