ಹಳೆಯ ಪುಸ್ತಕವನ್ನೂ ಮಕ್ಕಳ ಕೈಗೆ ಕೊಡಿ

ಓದುಗರ ಪತ್ರ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ. ಮೊಬೈಲಿನಲ್ಲಿ ಬಂದದ್ದೆಲ್ಲ ನಮ್ಮ ಮಕ್ಕಳಿಗೆ ನಿಜ. ಕೇಳಿದ್ದನ್ನು ಪುಸ್ತಕದಲ್ಲಿ ಹುಡುಕಿ ನೋಡುವ ರೂಢಿ ಮಾಡಿಸಲು ಊರಿನ ಗ್ರಂಥಾಲಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಆದರೆ ಅಲ್ಲಿ ಹಳೆಯ ಪುಸ್ತಕಗಳೇ ಹೆಚ್ಚು. ಮಕ್ಕಳು ತಪ್ಪನ್ನೇ ಕಲಿತುಬಿಟ್ಟರೆ?

ಸಂಪಾದಕರ ಉತ್ತರ: ಮೇಡಂ, ದಯವಿಟ್ಟು ಕರೆದುಕೊಂಡು ಹೋಗಿ. ಪುಸ್ತಕ ಹಳೆಯದೆಂದು ಹಿಂಜರಿಯಬೇಡಿ. ನೀವು ಕಲಿಸಬೇಕೆಂದಿರುವ ಪಾಠ ಅವುಗಳಲ್ಲೇ ಇದೆ.

ನಿಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ‘ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ?’ ಎಂದು ಕೇಳಿ, ಬೇರೆ ಬೇರೆ ಕಾಲದ ಎರಡು ಮೂರು ಪುಸ್ತಕ ಮುಂದಿಡಿ. 1956ರಲ್ಲಿ ರಾಜ್ಯ ಒಂದಾದಾಗ 19 ಇದ್ದವು, ಆಮೇಲೆ 20 ಆದವು. 1997ರಲ್ಲಿ ಏಳು ಹೊಸ ಜಿಲ್ಲೆಗಳು ಸೇರಿ 27 ಆದವು. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು ಆಗಲೇ. ಮುಂದೆ ಇನ್ನೂ ಮೂರು ಸೇರಿ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರವೂ ಬೇರೆಯಾಗಿ 31 ಆದವು. 1997ಕ್ಕೂ ಹಿಂದಿನ ಪುಸ್ತಕದಲ್ಲಿ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇರುತ್ತದೆ. ತಮ್ಮ ಊರು ಇನ್ನೊಂದು ಜಿಲ್ಲೆಗೆ ಸೇರಿರುವುದನ್ನು ಕಂಡ ಮಕ್ಕಳು ಸುಮ್ಮನಿರುತ್ತಾರೆಯೇ? ಆಗ ಮೊದಲ ಹಾಳೆ ತೆರೆಸಿ, ಮುದ್ರಣದ ವರ್ಷ ಓದಿಸಿ. ಪುಸ್ತಕ ಸುಳ್ಳು ಹೇಳಿಲ್ಲ, ತನ್ನ ಕಾಲದ್ದನ್ನು ಹೇಳಿದೆ ಎಂಬುದು ಒಂಬತ್ತು ವರ್ಷದ ಮಗುವಿಗೆ ಖಂಡಿತ ತಿಳಿಯುತ್ತದೆ. ಗ್ರಹಗಳ ಲೆಕ್ಕವೂ ಹಾಗೆಯೇ: 2006ರಲ್ಲಿ ಪ್ಲೂಟೊ ಕುಬ್ಜಗ್ರಹವಾದ ಮೇಲೆ ಒಂಬತ್ತು ಎಂಟಾಯಿತು.

ಆದರೆ ಎಲ್ಲ ತಪ್ಪೂ ಕಾಲದಿಂದ ಆದದ್ದಲ್ಲ. ಎರಡು ತಲೆ ಹಾವಿನ ಮಾತು ನಿಮ್ಮ ಮಕ್ಕಳೂ ಕೇಳಿರಬಹುದು. ಮನೆಯಲ್ಲಿಟ್ಟುಕೊಂಡರೆ ಹಣ ಬರುತ್ತದೆಂದು ನಂಬಿಸಿ ಆ ಬಡಪಾಯಿ ಜೀವಿಯನ್ನು ಹಿಡಿದು ಮಾರುವ ದಂಧೆಯೇ ನಡೆದಿದೆ. ಅದಕ್ಕೇ ‘ಆ ಹಾವಿಗೆ ನಿಜವಾಗಿಯೂ ಎರಡು ತಲೆ ಇದೆಯೇ?’ ಎಂಬ ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ. ಹಾವುಗಳ ಪುಸ್ತಕ ಕೊಟ್ಟು, ಇಡಿಯಾಗಿ ಓದಿಸದೆ, ಪರಿವಿಡಿಯಲ್ಲಿ ಹುಡುಕಲು ಬಿಡಿ. ಆ ಹೆಸರಿನಲ್ಲಿ ಸಿಗದಿದ್ದರೆ ‘ಮಣ್ಣುಮುಕ್ಕ’ ಎಂದು ನೋಡಿ ಎನ್ನುವಷ್ಟು ಸುಳಿವು ಸಾಕು. ಇರುವುದು ಒಂದೇ ತಲೆ, ಮೊಂಡು ಬಾಲ ತಲೆಯ ಹಾಗೆ ಕಾಣುತ್ತದೆ, ಅಪಾಯ ಕಂಡಾಗ ತಲೆ ಮರೆಸಿ ಬಾಲವನ್ನು ಮುಂದೊಡ್ಡುತ್ತದೆ ಎಂಬುದನ್ನು ಅವರೇ ಬೆರಳಿಟ್ಟು ಓದಿ ಹೇಳಲಿ.

ಪುಸ್ತಕ ತೆರೆಯುವ ಮುನ್ನ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಉತ್ತರದ ಕೆಳಗೆ ಪುಸ್ತಕದ ಹೆಸರು, ವರ್ಷ, ಪುಟ. ಉತ್ತರ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಲಿ, ಅದಕ್ಕೂ ನೀವು ಸರಿ ಗುರುತು ಹಾಕಬೇಕು. ಇದೊಂದನ್ನು ಬಿಟ್ಟುಕೊಡಬೇಡಿ. ಊಹಿಸಿ ತುಂಬಿದ ಉತ್ತರಕ್ಕೆ ಶಭಾಷ್ ಎಂದರೆ, ಆ ಮೊಬೈಲ್ ಸಂದೇಶಗಳನ್ನು ಬರೆಯುವವರನ್ನೇ ನಾವು ತಯಾರು ಮಾಡಿದಂತಾಗುತ್ತದೆ.

ಮನೆಯಲ್ಲಿ ‘ಅಜ್ಜಿ ಹೇಳಿದ್ದು ಸುಳ್ಳು’ ಎಂದು ಎದುರಾಡಲು ಮಾತ್ರ ಇದು ನೆಪವಾಗಬಾರದು. ಪುಸ್ತಕ ಒಯ್ದು ಅಜ್ಜಿಗೂ ಓದಿ ಹೇಳಲಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ನಿಮ್ಮ ಮಕ್ಕಳ ಹೆಸರು ಬರೆಸಿ. ಮೇಲ್ವಿಚಾರಕರ ಹತ್ತಿರ ಮೊದಲೇ ಮಾತಾಡಿ, 1997ಕ್ಕೆ ಹಿಂದಿನ ಪುಸ್ತಕ ಒಂದಾದರೂ ಇದೆಯೇ ನೋಡಿಕೊಳ್ಳಿ. ರದ್ದಿಗೆಂದು ಕಟ್ಟಿಟ್ಟಿದ್ದರೆ ಬಿಚ್ಚಿಸಿ.