ಊರಿನಲ್ಲಿದ್ದುಕೊಂಡು ದುಬೈಯಲ್ಲಿ ಫ್ಲ್ಯಾಟ್ ಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕುಂಬಳೆಯ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ನಿಮ್ಮ ಜಾಗ ಹೋಗಿ ಪರಿಹಾರದ ಹಣ ಬಂದಿದೆ. ಮಂಗಳೂರಿನ ಹೋಟೆಲೊಂದರಲ್ಲಿ ನಡೆದ ಆಸ್ತಿ ಮೇಳದಲ್ಲಿ ಏಜೆಂಟರೊಬ್ಬರು, ದುಬೈಯಲ್ಲಿ ಇನ್ನೂ ಕಟ್ಟುತ್ತಿರುವ 8 ಲಕ್ಷ ದಿರ್ಹಂ ಬೆಲೆಯ ಫ್ಲ್ಯಾಟನ್ನು ಕಂತಿನಲ್ಲಿ ಕೊಡಿಸುತ್ತೇನೆ, ಶೇ. 8ರಷ್ಟು ಬಾಡಿಗೆ ಬರುತ್ತದೆ, ತೆರಿಗೆಯಿಲ್ಲ, ವೀಸಾವೂ ಸಿಗುತ್ತದೆ ಎಂದಿದ್ದಾರೆ. ಶಾರ್ಜಾದಲ್ಲಿರುವ ನಿಮ್ಮ ತಮ್ಮ, ಕಂತುಗಳನ್ನು ಅಲ್ಲಿ ತಾನೇ ದಿರ್ಹಮಿನಲ್ಲಿ ಕಟ್ಟುತ್ತೇನೆ, ಅಷ್ಟೇ ಮೊತ್ತವನ್ನು ನೀವು ಊರಿನಲ್ಲಿ ತನ್ನ ಮನೆಯವರಿಗೆ ರೂಪಾಯಿಯಲ್ಲಿ ಕೊಟ್ಟರೆ ಸಾಕು ಎಂದಿದ್ದಾರೆ. ಹೀಗಿರುವಾಗ ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ.

ಕೊಳ್ಳಬಹುದು. ಆದರೆ ತಮ್ಮ ಹೇಳಿದ ದಾರಿಯಲ್ಲಿ ಖಂಡಿತ ಬೇಡ. ಏಜೆಂಟರು ಹೇಳಿದ ಲೆಕ್ಕದ ಮೇಲೂ ಬೇಡ. ನಾನು ನೀರ್ಚಾಲಿನವನು. 2003ರಿಂದ 2019ರ ತನಕ ದುಬೈಯ ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಅಲ್ಲಿ ಒಂದು ಫ್ಲ್ಯಾಟಿಗೆ ಹಣ ಕಟ್ಟಿ ಕಳೆದುಕೊಂಡಿದ್ದೇನೆ, ಇನ್ನೊಂದನ್ನು ಕೊಂಡು ಇಂದಿಗೂ ಇಟ್ಟುಕೊಂಡಿದ್ದೇನೆ. ಆ ಎರಡು ಅನುಭವಗಳಿಂದ ನನಗೆ ಮನದಟ್ಟಾದದ್ದು ಇದು: ಹೊರದೇಶದ ಆಸ್ತಿಯ ವಿಚಾರದಲ್ಲಿ ನಾವೆಲ್ಲ ಕಟ್ಟಡವನ್ನು ನೋಡುತ್ತೇವೆ, ನೋಡಬೇಕಾದದ್ದು ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು, ಮತ್ತು ಆ ಹಣ ಹೋಗುವ ದಿನ ನೀವು ಭಾರತದ ಕಾನೂನಿನ ಕಣ್ಣಿಗೆ ನಿವಾಸಿಯೋ ಅನಿವಾಸಿಯೋ ಎಂಬುದನ್ನು.

ಮೊದಲು ತಮ್ಮನ ಮಾತಿಗೆ ಬರುತ್ತೇನೆ, ಏಕೆಂದರೆ ಅಪಾಯವೆಲ್ಲ ಅಲ್ಲೇ ಇದೆ. ಅಲ್ಲಿ ದಿರ್ಹಂ, ಇಲ್ಲಿ ರೂಪಾಯಿ ಎಂಬ ಈ ವ್ಯವಸ್ಥೆಗೆ ನಮ್ಮ ಕಡೆ ಹುಂಡಿ ಎಂಬ ಹಳೆಯ ಹೆಸರಿದೆ. ಮನೆಯೊಳಗಿನ ಕೊಡುಕೊಳೆಯಲ್ಲವೇ, ಅಣ್ಣ ತಮ್ಮಂದಿರ ನಡುವೆ ಇದರಲ್ಲಿ ತಪ್ಪೇನು ಎಂದು ನಿಮಗೆ ಅನ್ನಿಸಬಹುದು. ತಮ್ಮನ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರಲಾರದು. ಆದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ 3ನೇ ಸೆಕ್ಷನ್, ಅಧಿಕೃತ ಬ್ಯಾಂಕಿನ ಮೂಲಕವಲ್ಲದೆ ನಡೆಯುವ ಇಂತಹ ಹೊಂದಾಣಿಕೆಯನ್ನು ನಿಷೇಧಿಸುತ್ತದೆ, ಮತ್ತು ಹಾಗೆ ಕೊಂಡ ಆಸ್ತಿಯನ್ನು ಇಟ್ಟುಕೊಳ್ಳುವುದು 4ನೇ ಸೆಕ್ಷನ್ನಿನ ಉಲ್ಲಂಘನೆಯಾಗುತ್ತದೆ. 2015ರಲ್ಲಿ ಈ ಕಾಯ್ದೆಗೆ 37ಎ ಎಂಬ ಸೆಕ್ಷನ್ ಸೇರಿತು. ಕಾನೂನು ಮೀರಿ ಹೊರದೇಶದಲ್ಲಿ ಆಸ್ತಿ ಮಾಡಿದ್ದಾರೆಂದು ನಂಬಲು ಕಾರಣವಿದ್ದರೆ, ಅದಕ್ಕೆ ಸಮನಾದ ಮೌಲ್ಯದ ಆಸ್ತಿಯನ್ನು ಭಾರತದೊಳಗೆ ಜಪ್ತಿ ಮಾಡುವ ಅಧಿಕಾರವನ್ನು ಅದು ಜಾರಿ ನಿರ್ದೇಶನಾಲಯಕ್ಕೆ ಕೊಡುತ್ತದೆ. ದುಬೈಯ ಫ್ಲ್ಯಾಟಿಗಾಗಿ ನಿಮ್ಮ ಅಡಿಕೆ ತೋಟ ಜಪ್ತಿಯಾಗಬಹುದು ಎಂದು ಇದರ ಅರ್ಥ. ಹೆದ್ದಾರಿಗೆ ಹೋಗಿ ಉಳಿದ ಜಾಗವನ್ನು ಇಂತಹದಕ್ಕೆ ಒಡ್ಡಬೇಡಿ.

ತಮ್ಮನಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸಿದ್ದರೆ ನೇರವಾದ ದಾರಿಗಳಿವೆ. ಅವರು ತಮ್ಮ ಸಂಪಾದನೆಯಿಂದ ತಮ್ಮ ಹೆಸರಿನಲ್ಲೇ ಕೊಳ್ಳಬಹುದು; ಅದಕ್ಕೆ ಇಲ್ಲಿಂದ ಯಾರ ಅನುಮತಿಯೂ ಬೇಡ. ಇಲ್ಲವೇ 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ಹೊರದೇಶ ಹೂಡಿಕೆ ನಿಯಮಗಳ ಪ್ರಕಾರ, ಅನಿವಾಸಿಯಾಗಿರುವ ಹತ್ತಿರದ ಸಂಬಂಧಿಕರೊಡನೆ ನೀವು ಜಂಟಿಯಾಗಿ ಆಸ್ತಿ ಹೊಂದಬಹುದು. ಸಹೋದರರು ಈ ಸಂಬಂಧಿಕರ ಪಟ್ಟಿಯಲ್ಲಿದ್ದಾರೆ. ಆದರೆ ಅಲ್ಲಿಯೂ ಆ ಹೊಂದಾಣಿಕೆ ಬೇಡ. ನೀವು ಊರಿನಲ್ಲಿ ಅವರ ಮನೆಗೆ ಹಣ ಕೊಟ್ಟು ಸರಿದೂಗಿಸಿದರೆ ಅದು ಮತ್ತೆ ಹುಂಡಿಯೇ ಆಗುತ್ತದೆ.

ನಿಮ್ಮ ಸ್ವಂತ ಹಣವನ್ನೇ ಕಳಿಸುವುದಾದರೆ ಇರುವ ದಾರಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ. ಬ್ಯಾಂಕಿನಲ್ಲಿ ಎಲ್‌ಆರ್‌ಎಸ್ ಎಂದರೆ ತಿಳಿಯುತ್ತದೆ. ಇದರಡಿ ನಿವಾಸಿಯಾದ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ, ಎಲ್ಲ ಉದ್ದೇಶಗಳಿಗೂ ಸೇರಿ, 2.5 ಲಕ್ಷ ಡಾಲರ್ ತನಕ ಕಳಿಸಬಹುದು. ದಿರ್ಹಂ 1997ರಿಂದ ಡಾಲರಿಗೆ 3.6725ರ ದರದಲ್ಲಿ ಗಂಟುಬಿದ್ದಿರುವುದರಿಂದ ಲೆಕ್ಕ ಸುಲಭ. 8 ಲಕ್ಷ ದಿರ್ಹಮಿನ ಜೊತೆಗೆ ದುಬೈ ಭೂ ಇಲಾಖೆಯ ನೋಂದಣಿ ಶುಲ್ಕ ಶೇ. 4 ಸೇರುತ್ತದೆ, ಕಟ್ಟಿ ಮುಗಿದ ಮನೆಯಾದರೆ ಸಾಮಾನ್ಯವಾಗಿ ಏಜೆಂಟರ ಶೇ. 2 ಮತ್ತು ಅದರ ಮೇಲಿನ ವ್ಯಾಟ್ ಕೂಡ ಸೇರಿ ಸುಮಾರು 8.5 ಲಕ್ಷ ದಿರ್ಹಂ, ಅಂದರೆ 2.31 ಲಕ್ಷ ಡಾಲರ್ ಆಗುತ್ತದೆ. ಮಿತಿಯೊಳಗಿದೆ. ಆದರೆ ಅದೇ ವರ್ಷ ಮಗಳ ಹೊರದೇಶದ ಓದಿಗೆ ಕಳಿಸಬೇಕಾದರೆ ಉಳಿಯುವುದು ಬಹಳ ಕಡಿಮೆ. ಪತ್ನಿಯ ಮಿತಿಯನ್ನೂ ಬಳಸಬಹುದು, ಆದರೆ ಆಗ ಅವರ ಹೆಸರೂ ಆಸ್ತಿಯ ಪತ್ರದಲ್ಲಿರಬೇಕು.

ಏಜೆಂಟರು ಹೇಳದೇ ಬಿಟ್ಟ ಇನ್ನೊಂದು ಮಾತಿದೆ. ಹೀಗೆ ಹೂಡಿಕೆಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮೂಲದಲ್ಲೇ ವಸೂಲಿ ಮಾಡುತ್ತದೆ. ಒಂದೇ ವರ್ಷ 2 ಕೋಟಿ ಕಳಿಸಿದರೆ 38 ಲಕ್ಷ ರೂಪಾಯಿ ಬೇರೆಯಾಗಿಯೇ ಕೈಯಲ್ಲಿರಬೇಕು. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ಅದನ್ನು ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಉಳಿದದ್ದು ಮರಳಿ ಬರುತ್ತದೆ. ಆದರೆ ಅಷ್ಟು ತಿಂಗಳು ಆ ಹಣ ನಿಮ್ಮ ಬಳಿ ಇರುವುದಿಲ್ಲ. ಕೃಷಿ ಆದಾಯವೇ ಮುಖ್ಯವಾಗಿ ಈ ತನಕ ರಿಟರ್ನ್ ಸಲ್ಲಿಸದೆ ಇದ್ದ ಅಡಿಕೆ ಬೆಳೆಗಾರರು ನಮ್ಮ ಬದಿಯಡ್ಕ, ಪೆರ್ಲ ಕಡೆ ಬಹಳ ಮಂದಿ ಇದ್ದಾರೆ. ನೀವೂ ಹಾಗಿದ್ದರೆ, ರಿಟರ್ನ್ ಸಲ್ಲಿಸದ ಹೊರತು ಆ 38 ಲಕ್ಷ ಮರಳಿ ಬಾರದು.

ಇನ್ನು ಕಂತಿನ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದದ್ದು ಇಲ್ಲಿ. 2007ರ ಕೊನೆಯಲ್ಲಿ, ದುಬೈಯಲ್ಲಿ ಎಲ್ಲರೂ ಕೊಳ್ಳುತ್ತಿದ್ದಾಗ, ನಾನೂ ನಕ್ಷೆಯಲ್ಲಿ ಮಾತ್ರ ಇದ್ದ ಒಂದು ಫ್ಲ್ಯಾಟಿಗೆ ಬುಕಿಂಗ್ ಮಾಡಿದೆ. ನಾಲ್ಕು ಕಂತು ಕಟ್ಟಿದ ಮೇಲೆ 2008ರ ಜಾಗತಿಕ ಬಿಕ್ಕಟ್ಟು ಬಂತು. ಅಲ್ಲಿ ಆಸ್ತಿಯ ಬೆಲೆ ಅರ್ಧಕ್ಕಿಳಿಯಿತು, ಅನೇಕ ಯೋಜನೆಗಳು ನಿಂತುಹೋದವು. ನನ್ನ ಕಟ್ಟಡ ಅಡಿಪಾಯದ ಗುಂಡಿಯಲ್ಲೇ ನಿಂತಿತು. ಆ ಬಿಲ್ಡರ್ ಸಂಸ್ಥೆಯಿಂದ ಕೊನೆಗೆ ಕೈಗೆ ಬಂದದ್ದು ಕಟ್ಟಿದ್ದರ ಕಾಲು ಭಾಗಕ್ಕೂ ಕಡಿಮೆ. ರಜೆಯ ದಿನ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬೇಲಿಯ ಹೊರಗೆ ನಿಂತು ಆ ಗುಂಡಿಯನ್ನು ನೋಡಿ ಬರುತ್ತಿದ್ದೆ.

ಅಂದಿಗೂ ಇಂದಿಗೂ ವ್ಯತ್ಯಾಸವಿದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ದುಬೈಯ 2007ರ 8ನೇ ಕಾನೂನಿನ ಪ್ರಕಾರ, ಕಟ್ಟುತ್ತಿರುವ ಯೋಜನೆಯ ಕೊಳ್ಳುಗರ ಹಣ ಆ ಯೋಜನೆಗೆಂದೇ ತೆರೆದ ಎಸ್ಕ್ರೋ ಖಾತೆಗೇ, ಅಂದರೆ ಆ ಕಟ್ಟಡದ ಕೆಲಸಕ್ಕಲ್ಲದೆ ತೆಗೆಯಲಾಗದ ಖಾತೆಗೇ, ಹೋಗಬೇಕು. ಕಟ್ಟಡ ಮುಗಿದ ಮೇಲೂ ಶೇ. 5ರಷ್ಟನ್ನು ಒಂದು ವರ್ಷ ಅಲ್ಲೇ ತಡೆಹಿಡಿಯುತ್ತಾರೆ. ನನ್ನ ಕಾಲದಲ್ಲಿ ಆ ಕಾನೂನು ಆಗಷ್ಟೇ ಹುಟ್ಟಿತ್ತು, ನಾನು ಖಾತೆಯ ಹೆಸರನ್ನೇ ಕೇಳಿರಲಿಲ್ಲ. ನಿಮ್ಮ ಒಪ್ಪಂದ ಭೂ ಇಲಾಖೆಯ ತಾತ್ಕಾಲಿಕ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಏರಬೇಕು. ಅಲ್ಲಿನವರು ಇದನ್ನು ಊಕೂದ್ ಎನ್ನುತ್ತಾರೆ. ಯೋಜನೆ ನೋಂದಣಿಯಾಗಿದೆಯೇ, ಕೆಲಸ ಎಷ್ಟು ಭಾಗ ಮುಗಿದಿದೆ ಎಂಬುದನ್ನು ಇಲಾಖೆಯ ದುಬೈ ರೆಸ್ಟ್ ಎಂಬ ಆ್ಯಪಿನಲ್ಲಿ ನೀವು ಕುಂಬಳೆಯಲ್ಲೇ ಕುಳಿತು ನೋಡಬಹುದು.

ಆದರೆ ಕಾನೂನು ಬಿಲ್ಡರನ್ನು ಮಾತ್ರ ಕಟ್ಟಿಹಾಕುವುದಿಲ್ಲ, ನಿಮ್ಮನ್ನೂ ಕಟ್ಟಿಹಾಕುತ್ತದೆ. ನೀವು ಕಂತು ತಪ್ಪಿಸಿದರೆ, ಬಿಲ್ಡರ್ ಭೂ ಇಲಾಖೆಯ ಮೂಲಕ 30 ದಿನಗಳ ನೋಟಿಸು ಕೊಡಿಸಿ, ಅದಾದ ಮೇಲೆ ಒಪ್ಪಂದ ರದ್ದುಮಾಡಬಹುದು. ಕೆಲಸ ಶೇ. 80 ದಾಟಿದ್ದರೆ ಫ್ಲ್ಯಾಟಿನ ಬೆಲೆಯ ಶೇ. 40ರ ತನಕ, ಶೇ. 60 ಮುಟ್ಟದಿದ್ದರೂ ಶೇ. 25ರ ತನಕ ತನ್ನಲ್ಲೇ ಇಟ್ಟುಕೊಳ್ಳಬಹುದು. ಕಟ್ಟಿದ ಮೊತ್ತದ ಮೇಲಲ್ಲ, ಪೂರ್ತಿ ಬೆಲೆಯ ಮೇಲಿನ ಲೆಕ್ಕ ಇದು ಎಂಬುದನ್ನು ಗಮನಿಸಿ. ಊರಿನಿಂದ ಕಂತು ಕಟ್ಟುವವರಿಗೆ ತಪ್ಪುವ ಸಾಧ್ಯತೆ ಅಲ್ಲಿರುವವರಿಗಿಂತ ಹೆಚ್ಚು. 2013ರ ಆಗಸ್ಟ್ 14ರಂದು, ರೂಪಾಯಿ ಕುಸಿಯುತ್ತಿದ್ದ ಸಮಯದಲ್ಲಿ, ರಿಸರ್ವ್ ಬ್ಯಾಂಕು ವರ್ಷದ ಮಿತಿಯನ್ನು 2 ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಸಿತು, ಮಾತ್ರವಲ್ಲ ಈ ಯೋಜನೆಯಡಿ ಹೊರದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದನ್ನೇ ನಿಲ್ಲಿಸಿತು. ಮತ್ತೆ ತೆರೆದದ್ದು 2014ರ ಮಧ್ಯದಲ್ಲಿ. ನಾಲ್ಕು ವರ್ಷಗಳ ಕಂತಿಗೆ ಸಹಿ ಹಾಕುವವರು, ನಾಲ್ಕು ವರ್ಷವೂ ಈ ಬಾಗಿಲು ಇಷ್ಟೇ ತೆರೆದಿರುತ್ತದೆ ಎಂದು ನಂಬಿ ಸಹಿ ಹಾಕಿದಂತೆ. ಹಾಗಾಗಿ ಇಲ್ಲಿರುವ ಯಾರೇ ಕೇಳಿದರೂ ನನ್ನ ಸಲಹೆ ಒಂದೇ: ಕೊಳ್ಳುವುದಾದರೆ ಕಟ್ಟಿ ಮುಗಿದ, ಬಾಡಿಗೆದಾರರಿರುವ, ಒಂದೇ ಸಲಕ್ಕೆ ಹಣ ಕೊಟ್ಟು ಹೆಸರಿಗೆ ಮಾಡಿಸಿಕೊಳ್ಳಬಹುದಾದ ಮನೆಯನ್ನು ಕೊಳ್ಳಿ. ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ.

ಎಲ್ಲಿ ಕೊಳ್ಳಬಹುದು ಎಂಬುದಕ್ಕೂ ಗಡಿಯಿದೆ. ಕೊಲ್ಲಿ ರಾಷ್ಟ್ರಗಳವರಲ್ಲದ ವಿದೇಶಿಯರು ಸರಕಾರ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಪೂರ್ಣ ಒಡೆತನ ಅಥವಾ 99 ವರ್ಷಗಳ ತನಕದ ಹಕ್ಕು ಪಡೆಯಬಹುದು ಎಂದು 2006ರ 7ನೇ ಕಾನೂನು ಹೇಳುತ್ತದೆ. ಮರೀನಾ, ಜುಮೇರಾ ವಿಲೇಜ್ ಸರ್ಕಲ್, ಇಂಟರ್‌ನ್ಯಾಷನಲ್ ಸಿಟಿ ಮೊದಲಾದವು ಅಂತಹ ಪ್ರದೇಶಗಳು. ನಮ್ಮವರು ಹೆಚ್ಚಾಗಿ ವಾಸಿಸುವ ದೇರಾ, ಕರಾಮದ ಹಳೆಯ ಬೀದಿಗಳು ಅಲ್ಲ. ವೀಸಾದ ಮಾತನ್ನು ಸದ್ಯಕ್ಕೆ ಲೆಕ್ಕಕ್ಕೇ ಹಿಡಿಯಬೇಡಿ. ಹತ್ತು ವರ್ಷಗಳ ಗೋಲ್ಡನ್ ವೀಸಾಕ್ಕೆ 20 ಲಕ್ಷ ದಿರ್ಹಮಿನ ಆಸ್ತಿ ಬೇಕು, ಚಿಕ್ಕ ವೀಸಾಗಳ ನಿಯಮ ಆಗಾಗ ಬದಲಾಗುತ್ತದೆ, ಮತ್ತು ಕುಂಬಳೆಯಲ್ಲೇ ಇರುವ ನಿಮಗೆ ಅದರ ಅಗತ್ಯವೂ ಕಾಣುವುದಿಲ್ಲ.

ತೆರಿಗೆಯಿಲ್ಲ ಎಂಬ ಮಾತು ದುಬೈಯ ಮಟ್ಟಿಗೆ ನಿಜ, ಕಾಸರಗೋಡಿನ ಮಟ್ಟಿಗೆ ಸುಳ್ಳು. ಸಾಮಾನ್ಯ ನಿವಾಸಿಯ ಆದಾಯ ಜಗತ್ತಿನ ಎಲ್ಲಿ ಹುಟ್ಟಿದರೂ ಭಾರತದಲ್ಲಿ ತೆರಿಗೆಗೆ ಒಳಪಡುತ್ತದೆ. ಅಲ್ಲಿ ತೆರಿಗೆ ಕಟ್ಟಿರದ ಕಾರಣ ಇಲ್ಲಿನ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ. ನಾನು 2014ರಲ್ಲಿ 5 ಲಕ್ಷ ದಿರ್ಹಂ ಕೊಟ್ಟು ಕೊಂಡ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ವರ್ಷದ ಬಾಡಿಗೆ 40,000 ದಿರ್ಹಂ. ಇದು ನಿಮ್ಮ ಏಜೆಂಟರು ಹೇಳುವ ಅದೇ ಶೇ. 8. ಅದರಲ್ಲಿ ಕಟ್ಟಡದ ಸರ್ವಿಸ್ ಚಾರ್ಜ್ 9,000, ಮನೆ ನೋಡಿಕೊಳ್ಳುವವರಿಗೆ 2,000 ಹೋಗುತ್ತದೆ. ಇಲ್ಲಿ ಮನೆ ಬಾಡಿಗೆಯಿಂದ ಶೇ. 30ನ್ನು ಕಳೆದು ಉಳಿದ 28,000ಕ್ಕೆ ತೆರಿಗೆ ಹಾಕುತ್ತಾರೆ. ಸರ್ವಿಸ್ ಚಾರ್ಜನ್ನು ಬೇರೆಯಾಗಿ ಕಳೆಯಲು ಬಿಡುವುದಿಲ್ಲ. ಶೇ. 30ರ ದರದಲ್ಲಿ ಸೆಸ್ ಸೇರಿ 8,736 ದಿರ್ಹಂ. ಕೊನೆಗೆ ಉಳಿಯುವುದು 20,264, ಅಂದರೆ ಸುಮಾರು ಶೇ. 4. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಅದೂ ಇಲ್ಲ. ನನಗೆ ಲಾಭವಾಗಿದ್ದರೆ ಅದು ಹೆಚ್ಚಾಗಿ ರೂಪಾಯಿ ಇಳಿದದ್ದರಿಂದ: ಕೊಂಡಾಗ 16, 17 ರೂಪಾಯಿ ಇದ್ದ ದಿರ್ಹಂ ಈಗ 23ನ್ನೂ ದಾಟಿದೆ. ಮಾರಿದಾಗ ಲಾಭವನ್ನು ರೂಪಾಯಿಯಲ್ಲೇ ಲೆಕ್ಕ ಹಾಕುವುದರಿಂದ, ಆ ಇಳಿಕೆಯಿಂದ ಬಂದ ಹೆಚ್ಚಳಕ್ಕೂ ತೆರಿಗೆ ಬೀಳುತ್ತದೆ.

ಆಸ್ತಿಯನ್ನು ಪ್ರತಿ ವರ್ಷ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಬಾಡಿಗೆ ಬಂದರೂ ಬಾರದಿದ್ದರೂ. ಪ್ರಾಮಾಣಿಕ ಹಣದಿಂದಲೇ ಕೊಂಡಿದ್ದರೂ, ತೋರಿಸದೆ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಸಣ್ಣ ಮೊತ್ತದ ವಿದೇಶಿ ಆಸ್ತಿಗಳಿಗೆ 2024ರಲ್ಲಿ ಕೊಟ್ಟ ವಿನಾಯಿತಿ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ನಾನು ಅನಿವಾಸಿಯಾಗಿದ್ದಾಗ ಕೊಂಡದ್ದರಿಂದ ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾದ 6(4) ಸೆಕ್ಷನ್ ಅನುಮತಿ ಕೊಡುತ್ತದೆ, ಆದರೆ ತೋರಿಸುವ ಹೊಣೆಯಿಂದ ನನಗೂ ಬಿಡುಗಡೆಯಿಲ್ಲ.

ಒಂದು ಮಾತು ಕಾಗದಪತ್ರದ ಭಾಷೆಯ ಬಗ್ಗೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಆಧಾರ, ಅಂದರೆ ಜಾಗದ ಪತ್ರ, ಕನ್ನಡದಲ್ಲಿದೆ, ಅಪ್ಪನ ಕಾಲದ್ದು ಮಲಯಾಳದಲ್ಲಿದೆ. ಓದಲು ಬಾರದ ಆಧಾರಕ್ಕೆ ಅಪ್ಪ ಸಹಿ ಹಾಕಿ, ಮುಂದೆ ಗಡಿಯ ವಿವರದಲ್ಲಿ ತಪ್ಪಿದೆಯೆಂದು ಗೊತ್ತಾಗಿ, ಅದನ್ನು ತಿದ್ದಿಸಲು ವರ್ಷಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ದುಬೈಯ ಒಪ್ಪಂದ ಅರಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಅಲ್ಲಿನ ನ್ಯಾಯಾಲಯ ನೋಡುವುದು ಅರಬಿಯನ್ನು. ನಿಮ್ಮ ಪರವಾಗಿ ಅರಬಿ ಓದಬಲ್ಲ, ಬಿಲ್ಡರಿಗೂ ಏಜೆಂಟರಿಗೂ ಸಂಬಂಧವಿಲ್ಲದ ವಕೀಲರಿಂದ ಅದನ್ನು ಓದಿಸಿ. ನಿಮ್ಮ ಬಳಿಕ ಆಸ್ತಿ ಯಾರಿಗೆ ಹೋಗಬೇಕೆಂಬ ಉಯಿಲನ್ನೂ ಅವರಲ್ಲೇ ಕೇಳಿ ಮಾಡಿಸಿ. ಮುಸ್ಲಿಮೇತರರ ಉಯಿಲು ನೋಂದಾಯಿಸಲು ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ 2015ರಿಂದ ವ್ಯವಸ್ಥೆಯಿದೆ.

ಈ ವಾರ ನೀವು ಮಾಡಬೇಕಾದದ್ದು ಇಷ್ಟೇ. ಯೋಜನೆಯ ನೋಂದಣಿ ಸಂಖ್ಯೆಯನ್ನೂ ಎಸ್ಕ್ರೋ ಖಾತೆಯ ವಿವರವನ್ನೂ ಏಜೆಂಟರಿಂದ ಬರಹದಲ್ಲಿ ಕೇಳಿ. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ನೋಡುವ ಶಾಖೆಗೆ ಪಾನ್ ಕಾರ್ಡ್ ಮತ್ತು ಪರಿಹಾರದ ಆದೇಶದ ಪ್ರತಿಯೊಡನೆ ಹೋಗಿ, ಹೊರದೇಶಕ್ಕೆ ಹಣ ಕಳಿಸಲು ತುಂಬಬೇಕಾದ ಎ2 ಅರ್ಜಿಯ ಬಗ್ಗೆಯೂ ಮೂಲದಲ್ಲಿ ವಸೂಲಾಗುವ ತೆರಿಗೆಯ ಬಗ್ಗೆಯೂ ವಿಚಾರಿಸಿ. ತಮ್ಮನಿಗೆ ಫೋನ್ ಮಾಡಿ, ಅವರ ಪ್ರೀತಿಗೆ ಕೃತಜ್ಞತೆ ಹೇಳಿ, ಆ ಹೊಂದಾಣಿಕೆ ಬೇಡವೆಂದು ತಿಳಿಸಿ. ಬುಕಿಂಗಿಗೆಂದು ಮಂಗಳೂರಿನಲ್ಲಿ ರೂಪಾಯಿಯಲ್ಲಿ ಕೇಳುತ್ತಿರುವ ಮುಂಗಡವನ್ನು, ರಶೀದಿ ಕೊಡುತ್ತೇವೆಂದರೂ, ಯಾರ ಕೈಗೂ ಕೊಡಬೇಡಿ.