ಗಿರಾಕಿಗೆ ವೇಗ, ಮಾಲೀಕರಿಗೆ ನಿಧಾನ: ಅಪ್‌ಡೇಟ್ ನಂತರದ ಲಾಗಿನ್ ತಕರಾರು

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ನಮ್ಮದೊಂದು ಸಣ್ಣ ಪುಸ್ತಕದಂಗಡಿ ಇದೆ. 2020ರಲ್ಲಿ ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಸೈಟ್ ಮಾಡಿಕೊಟ್ಟಿದ್ದ. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈಚೆಗೆ ವರ್ಡ್‌ಪ್ರೆಸ್ ಆವೃತ್ತಿಯನ್ನು 5.4ರಿಂದ ಒಮ್ಮೆಗೇ 6.8ಕ್ಕೆ ಏರಿಸಿದೆವು, ಸೈಟ್‌ಗೆ ಸರ್ವರ್ ಕೊಡುವ ಹೋಸ್ಟಿಂಗ್‌ನವರು ಅದು ಓಡುವ ಪಿಎಚ್‌ಪಿ ಭಾಷೆಯನ್ನೂ 8ಕ್ಕೆ ಬದಲಿಸಿದರು. ಈಗ ಲಾಗಿನ್ ಒತ್ತಿದರೆ ಅರ್ಧ ನಿಮಿಷ ಸುತ್ತುತ್ತಲೇ ಇರುತ್ತದೆ. ಗಿರಾಕಿಗಳಿಗೆ ಸೈಟ್ ಬೇಗನೇ ತೆರೆಯುತ್ತದೆ, ಆದರೆ ಮೊಬೈಲಿನಲ್ಲಿ ಮೆನು ಬಿಚ್ಚಿಕೊಳ್ಳುವುದಿಲ್ಲ. ಹೊಸ ಪಾಸ್‌ವರ್ಡ್ ವ್ಯವಸ್ಥೆಯೇ ಕಾರಣ, ಹಳೇ ಆವೃತ್ತಿಗೆ ಮರಳಿ ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೇ?
– ಬಸವನಗುಡಿಯ ಓದುಗರು

ಉತ್ತರ: ಬೇಡ. 2025ರ ಏಪ್ರಿಲ್‌ನಲ್ಲಿ ಬಂದ 6.8ರಿಂದ ವರ್ಡ್‌ಪ್ರೆಸ್ ಪಾಸ್‌ವರ್ಡ್‌ಗಳನ್ನು ಬಿಕ್ರಿಪ್ಟ್ ವಿಧಾನದಲ್ಲಿ ಕಾಪಿಡುತ್ತದೆ, ನಿಜ. ಹಳೆಯ ಪಾಸ್‌ವರ್ಡ್ ಹಾಗೇ ನಡೆಯುತ್ತದೆ, ಮೊದಲ ಲಾಗಿನ್‌ನಲ್ಲಿ ತಾನೇ ಹೊಸ ರೂಪಕ್ಕೆ ಬದಲಾಗುತ್ತದೆ. ಕಳ್ಳರು ಊಹಿಸಿ ಹಿಡಿಯದಿರಲಿ ಎಂದು ಬಿಕ್ರಿಪ್ಟ್ ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುತ್ತದೆ. ಆದರೆ ಆ ನಿಧಾನ ಸೆಕೆಂಡಿನ ಸಣ್ಣದೊಂದು ಪಾಲು ಮಾತ್ರ. ಅಲ್ಲದೆ ಅಪ್‌ಡೇಟ್ ಆಗುವಾಗ ಡೇಟಾಬೇಸ್ ಕೂಡ ಬದಲಾಗಿರುತ್ತದೆ. ಫೈಲುಗಳನ್ನಷ್ಟೇ ಹಿಂದಕ್ಕೆ ಹಾಕಿದರೆ ಇನ್ನೊಂದು ತೊಡಕು ಹುಟ್ಟುತ್ತದೆ.

ಗಿರಾಕಿಗಳಿಗೆ ಬೇಗ ತೆರೆಯುತ್ತದೆ ಎಂದಿದ್ದೀರಲ್ಲ, ಸುಳಿವು ಅಲ್ಲಿದೆ. ಅವರಿಗೆ ಹೋಗುವುದು ಬಹುಶಃ ಕ್ಯಾಶ್‌ನಲ್ಲಿ (ಮೊದಲೇ ಮಾಡಿಟ್ಟ ಪುಟಗಳ ಸಂಗ್ರಹದಲ್ಲಿ) ಸಿದ್ಧವಾಗಿರುವ ಪುಟ, ದರ್ಶಿನಿಯಲ್ಲಿ ಬೆಂದು ಕೂತಿರುವ ಇಡ್ಲಿಯ ಹಾಗೆ. ಲಾಗಿನ್ ಆದವರಿಗೆ ಮಾತ್ರ ಪ್ರತಿ ಪುಟವನ್ನೂ ಹೊಸದಾಗಿ ಹುಯ್ಯಬೇಕು. ಹಾಗಾಗಿ ಸರ್ವರಿನ ನಿಜವಾದ ಸ್ಥಿತಿ ಕಾಣುವುದು ನಿಮಗೆ, ಅವರಿಗಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡಿ (ಒಂದೇ ಸಲ ಸಾಕು, ಜಾಸ್ತಿಯಾದರೆ ಸೆಕ್ಯುರಿಟಿ ಪ್ಲಗಿನ್, ಅಂದರೆ ಸೈಟ್‌ಗೆ ಸೇರಿಸಿದ ರಕ್ಷಣಾ ತಂತ್ರಾಂಶ, ನಿಮ್ಮನ್ನೇ ಹೊರಗಿಡುತ್ತದೆ). 'ತಪ್ಪು' ಎಂಬ ಉತ್ತರ ತಕ್ಷಣ ಬಂದರೆ ಲಾಗಿನ್ ಸರಿಯಾಗೇ ಇದೆ, ಸಮಯ ತಿನ್ನುತ್ತಿರುವುದು ಅದರ ನಂತರ ತೆರೆಯುವ ಡ್ಯಾಶ್‌ಬೋರ್ಡ್, ಅಂದರೆ ಮಾಲೀಕರ ನಿರ್ವಹಣಾ ಪುಟ. ಆ ಉತ್ತರಕ್ಕೂ ಅರ್ಧ ನಿಮಿಷವಾದರೆ ಸೆಕ್ಯುರಿಟಿ ಅಥವಾ ಕ್ಯಾಪ್ಚಾ ಪ್ಲಗಿನ್ ಮೇಲೆ ಅನುಮಾನ ಪಡಿ. ಇಲ್ಲವೇ ಲಾಗಿನ್ ಪುಟಕ್ಕೂ ಹೊರಗಿನ ಆ್ಯಪ್‌ಗಳು ಒಳಬರುವ ದಾರಿಯಾದ ಎಕ್ಸ್‌ಎಂಎಲ್-ಆರ್‌ಪಿಸಿಗೂ ಬಾಟ್‌ಗಳು (ತಾವೇ ಓಡುವ ಪ್ರೋಗ್ರಾಂಗಳು) ಮುತ್ತಿಗೆ ಹಾಕಿವೆಯೇ ಎಂದು ಸರ್ವರಿನ ಭೇಟಿ ದಾಖಲೆಯಾದ ಆಕ್ಸೆಸ್ ಲಾಗ್ ನೋಡಿ ಹೇಳಲು ಹೋಸ್ಟಿಂಗ್‌ನವರನ್ನು ಕೇಳಿ.

ನಿಮ್ಮದು ಡ್ಯಾಶ್‌ಬೋರ್ಡ್ ತೊಂದರೆ ಎಂದೇ ನನ್ನ ಅಂದಾಜು. ಐದು ವರ್ಷ ಹಳೆಯ ಪ್ಲಗಿನ್‌ಗಳಲ್ಲಿ ಕೆಲವು ಪ್ರತಿ ಸಲ ಲೈಸೆನ್ಸ್ ಪರೀಕ್ಷಿಸಲು ತಮ್ಮ ಕಂಪನಿಯ ಸರ್ವರಿಗೆ ಕರೆ ಮಾಡುತ್ತವೆ. ಆ ಕಂಪನಿ ಮುಚ್ಚಿದ್ದರೂ, ನಿಮ್ಮ ಸರ್ವರಿನಿಂದ ಹೊರಹೋಗುವ ದಾರಿ ಅಡ್ಡಗಟ್ಟಿದ್ದರೂ ಉತ್ತರ ಬಾರದು. ಒಂದೊಂದು ಕರೆಗೂ ಕೆಲವು ಸೆಕೆಂಡು ಕಾದು ಕಾದು ಪುಟ ತೆರೆಯುತ್ತದೆ. 'ಕ್ವೆರಿ ಮಾನಿಟರ್' ಎಂಬ ಉಚಿತ ಪ್ಲಗಿನ್ ಹಾಕಿದರೆ ಯಾವ ಕರೆಗೆ, ಯಾವ ಡೇಟಾಬೇಸ್ ಪ್ರಶ್ನೆಗೆ ಎಷ್ಟು ಹೊತ್ತಾಯಿತು, ಅದನ್ನು ಮಾಡಿದ್ದು ಯಾವ ಪ್ಲಗಿನ್ ಎಂದು ಹೆಸರು ಸಮೇತ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಬೆಳಗಿನ ಮೊದಲ ಲಾಗಿನ್ ಮಾತ್ರ ನಿಧಾನವಾಗಿದ್ದರೆ ಅದು ಬೇರೆ: ಹನ್ನೆರಡು ಗಂಟೆಗೊಮ್ಮೆ ನಡೆಯುವ ಅಪ್‌ಡೇಟ್ ತಪಾಸಣೆ ಆಗ ನಿಮ್ಮ ಪಾಲಿಗೆ ಬಂದಿರಬಹುದು.

ಟೂಲ್ಸ್ ಒಳಗಿನ 'ಸೈಟ್ ಹೆಲ್ತ್' ಪುಟವನ್ನೂ ತೆರೆಯಿರಿ. ಕಿತ್ತೊಗೆದ ಪ್ಲಗಿನ್‌ಗಳೂ ತಮ್ಮ ಸೆಟ್ಟಿಂಗ್‌ಗಳನ್ನು ಡೇಟಾಬೇಸ್‌ನ ಆಪ್ಷನ್ಸ್ ಟೇಬಲ್‌ನಲ್ಲಿ ಬಿಟ್ಟು ಹೋಗಿರುತ್ತವೆ. ಅವಕ್ಕೆ ಆಟೋಲೋಡ್ (ತಾನೇ ಲೋಡ್ ಆಗಲಿ) ಎಂಬ ಗುರುತಿದ್ದರೆ ಆ ಕಸವೆಲ್ಲ ಪ್ರತಿ ಸಲವೂ ಮೆಮೊರಿಗೆ ಬರುತ್ತದೆ. 800 ಕೆಬಿ ಮೀರಿದರೆ 6.6 ಮತ್ತು ಅದರ ನಂತರದ ಆವೃತ್ತಿಗಳು ಅಲ್ಲೇ ಎಚ್ಚರಿಸುತ್ತವೆ. ಬ್ಯಾಕಪ್ ಇಲ್ಲದೆ ಮಾತ್ರ ಆ ಟೇಬಲ್‌ಗೆ ಕೈ ಹಾಕಬೇಡಿ.

ಮೆನುವಿನ ಕಥೆ ಬೇರೆ. ಇಂಥ ಮೆನುಗಳನ್ನು ಸಾಮಾನ್ಯವಾಗಿ ಬಿಚ್ಚಿಸುವುದು ಜೆಕ್ವೆರಿ ಎಂಬ ಸ್ಕ್ರಿಪ್ಟ್ ಸಂಗ್ರಹ. 2020ರ ಆಗಸ್ಟ್‌ನ 5.5ರಲ್ಲಿ ಹಳೇ ಸ್ಕ್ರಿಪ್ಟ್‌ಗಳನ್ನು ಸಂಭಾಳಿಸುತ್ತಿದ್ದ ಜೆಕ್ವೆರಿ ಮೈಗ್ರೇಟ್ ಅನ್ನು ತೆಗೆದರು. ಡಿಸೆಂಬರಿನ 5.6ರಲ್ಲಿ ಜೆಕ್ವೆರಿಯೇ ಹೊಸದಾಯಿತು. ನೀವು ಇವೆರಡನ್ನೂ ಒಂದೇ ನೆಗೆತದಲ್ಲಿ ದಾಟಿದ್ದೀರಿ, ಸೈಟ್‌ಗೆ ರೂಪ ಕೊಡುವ ಥೀಮ್ ಹಿಂದೆಯೇ ಉಳಿಯಿತು. ಕ್ಯಾಶ್ ಖಾಲಿ ಮಾಡಿದ ಮೇಲೂ ಮೆನು ಬಿಚ್ಚದಿದ್ದರೆ ಥೀಮ್ ಅಪ್‌ಡೇಟ್ ಮಾಡಿ. ಅದರ ತಯಾರಕರು ಕೈಬಿಟ್ಟಿದ್ದರೆ ಥೀಮ್ ಬದಲಿಸುವುದೇ ಲೇಸು.

ತೊಂದರೆ ಯಾವ ಪ್ಲಗಿನ್‌ನದೆಂದು ತಿಳಿಯಲು ಅವನ್ನು ಒಂದೊಂದಾಗಿ ಆಫ್ ಮಾಡಿ ನೋಡುವಾಗ ವ್ಯಾಪಾರ ನಿಲ್ಲುವುದು ಬೇಡ. 'ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್' ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್‌ನಲ್ಲಿ ಅವು ನಿಮಗೆ ಮಾತ್ರ ಆಫ್ ಆಗುತ್ತವೆ, ಗಿರಾಕಿಗಳಿಗೆ ಸೈಟ್ ಎಂದಿನಂತೆ ನಡೆಯುತ್ತದೆ.

ಇದೆಲ್ಲಕ್ಕೂ ಮೊದಲು ಸೆಟ್ಟಿಂಗ್ಸ್‌ನ 'ಜನರಲ್' ಪುಟದಲ್ಲಿ ಅಡ್ಮಿನ್ ಇಮೇಲ್ ಯಾರದೆಂದು ನೋಡಿ. ಪಿಎಚ್‌ಪಿ 8ರಲ್ಲಿ ಹಳೇ ಪ್ಲಗಿನ್ ಕುಸಿದರೆ ಒಳಹೋಗಿ ಸರಿಪಡಿಸಲು ಬಿಡುವ ರಿಕವರಿ ಮೋಡ್‌ನ ಲಿಂಕ್ ಹೋಗುವುದು ಆ ವಿಳಾಸಕ್ಕೆ. ಬಹಳ ಸೈಟ್‌ಗಳಲ್ಲಿ ಅದು ಇನ್ನೂ ಮಾಡಿಕೊಟ್ಟ ಹುಡುಗನದ್ದೇ ಆಗಿರುತ್ತದೆ.